‘ನಾಳೆ’ಯಿಂದ ‘ಕೊನೆಗೆ’: ಹೆನ್ರಿಯೆಟ್ ರೋಲಾಂಡ್ ಹೋಲ್ಸ್ಟ್ ಅವರ ಬದುಕು

(ನಮ್ಮ ಓದುಗರ ಬಳಗದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆಡಿದ ಧಾಟಿಯನ್ನು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಸ್ವಲ್ಪ ಹೊತ್ತು ಮಲಗುವ ಸಮಯ. ಅದನ್ನು ಬಿಟ್ಟು ಇಷ್ಟು ಜನ ಬಂದಿದ್ದೀರಿ. ಅದೂ ನಮ್ಮಲ್ಲಿ ಹೆಚ್ಚಿನವರು ಹೆಸರೇ ಕೇಳಿರದ ಒಬ್ಬ ಡಚ್ ಕವಿಯ ಬಗ್ಗೆ ಕೇಳಲು. ತುಂಬಾ ಸಂತೋಷವಾಯಿತು.

ಇವತ್ತು ಎರಡು ಪದಗಳನ್ನು ಹಿಡಿದುಕೊಂಡು ಮಾತಾಡುತ್ತೇನೆ. ಒಂದು ‘ಮೋರ್ಖೆನ್’. ಡಚ್ ಭಾಷೆಯಲ್ಲಿ ನಾಳೆ ಎಂದರ್ಥ. ಇನ್ನೊಂದು ‘ಇನ್ ಟ್ ಐಂಡ್’. ಅಂದರೆ ಕೊನೆಯಲ್ಲಿ, ಕಟ್ಟಕಡೆಗೆ. ಎರಡನ್ನೂ ಬರೆದವರು ಒಬ್ಬರೇ. ಮೊದಲನೆಯದನ್ನು 1900ರಲ್ಲಿ ಬರೆದರು, ಆಗ ಅವರಿಗೆ 30 ವರ್ಷ. ಎರಡನೆಯದು 1918ರಲ್ಲಿ ಬಂದ ಅವರ ಕವನ ಸಂಕಲನದಲ್ಲಿದೆ. ನಾಳೆಯೇ ಆಗಿಬಿಡುತ್ತದೆ ಎಂದು ಬರೆದವರು, 18 ವರ್ಷ ಕಳೆದ ಮೇಲೆ ಕೊನೆಯಲ್ಲಿ ಆಗುತ್ತದೆ ಎಂದು ಬರೆದರು. ಈ ನಡುವೆ ಏನೇನಾಯಿತು, ಆಮೇಲೆ ಏನಾಯಿತು, ಅದೇ ಇವತ್ತಿನ ಮಾತು.

ನಾನು ಕೆಲವು ವರ್ಷ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನಮ್ಮವರು ಬಹಳ ಜನ ಇದ್ದಾರೆ, ನಿಮಗೆ ಗೊತ್ತಿರುತ್ತದೆ. ಸಂಜೆ ಡಚ್ ತರಗತಿಗೆ ಹೋಗುತ್ತಿದ್ದೆ. ಒಂದು ದಿನ ನಮ್ಮ ಮೇಷ್ಟ್ರು ಹದಿನಾಲ್ಕು ಸಾಲಿನ ಒಂದು ಕವಿತೆಯ ಹಾಳೆ ಹಂಚಿದರು. ‘ಅರ್ಥವಾಗದಿದ್ದರೂ ಪರವಾಗಿಲ್ಲ, ಸುಮ್ನೆ ಜೋರಾಗಿ ಓದಿ’ ಎಂದರು. ಓದಿದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಕವಿಯ ಹೆಸರು ಹೆನ್ರಿಯೆಟ್ ರೋಲಾಂಡ್ ಹೋಲ್ಸ್ಟ್.

ಆ ಕವಿತೆಗೆ ಆಮೇಲೆ ಬರುತ್ತೇನೆ. ಮೊದಲು ‘ನಾಳೆ’.

ಹೆನ್ರಿಯೆಟ್ ಹುಟ್ಟಿದ್ದು 1869ರ ಡಿಸೆಂಬರ್ 24ರಂದು, ನೋರ್ಡ್‌ವೈಕ್‌ನಲ್ಲಿ. ಸಮುದ್ರದ ಪಕ್ಕದ ಊರು. ತಂದೆ ನೋಟರಿ, ಅನುಕೂಲಸ್ಥರು. ಹುಡುಗಿಯನ್ನು ಬೋರ್ಡಿಂಗ್ ಶಾಲೆಗೆ ಹಾಕಿದರು. ಆಮೇಲೆ ಫ್ರೆಂಚ್ ಕಲಿಯಲಿ ಎಂದು ಬೆಲ್ಜಿಯಮ್ಮಿನ ಲೀಯೇಜ್‌ಗೆ ಕಳಿಸಿದರು. ಆ ಕಾಲದ ದೊಡ್ಡ ಮನೆಯ ಹೆಣ್ಣುಮಕ್ಕಳು ಹೀಗೇ ಬೆಳೆಯುತ್ತಿದ್ದರು. ಆದರೆ ಈ ಹುಡುಗಿಗೆ ಕವಿತೆಯ ಹುಚ್ಚು ಹತ್ತಿತು. ಕವಿ ಆಲ್ಬರ್ಟ್ ಫರ್ವೈ ಅವರ ಪರಿಚಯವಾಯಿತು. ಜಾವಾದಲ್ಲಿ ಹುಟ್ಟಿದ್ದ ಚಿತ್ರಕಾರ ಯಾನ್ ಟೋರಪ್ ಪರಿಚಯವಾದರು. ಇನ್ನೊಬ್ಬ ಚಿತ್ರಕಾರ ರಿಚರ್ಡ್ ರೋಲಾಂಡ್ ಹೋಲ್ಸ್ಟ್ ಸಿಕ್ಕರು. 1896ರ ಜನವರಿಯಲ್ಲಿ ಇಬ್ಬರೂ ಮದುವೆಯಾದರು. ವಾನ್ ಗೋ ತೀರಿಕೊಂಡ ಎರಡು ವರ್ಷಕ್ಕೆ, 1892ರಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತಲ್ಲ, ಅದರ ಕೈಪಿಡಿಯ ಮುಖಪುಟಕ್ಕೆ ಬಾಡಿದ ಸೂರ್ಯಕಾಂತಿ ಬರೆದವರು ಇದೇ ರಿಚರ್ಡ್.

ಆಗ ಅಲ್ಲಿ 1880ರ ದಶಕದ ಕವಿಗಳ ಪ್ರಭಾವ ಜೋರಾಗಿತ್ತು. ಕಲೆ ಇರುವುದು ಕಲೆಗಾಗಿ, ಕವಿತೆಗೆ ಊರ ಉಸಾಬರಿ ಬೇಡ ಎನ್ನುವವರು ಅವರು. ಹೆನ್ರಿಯೆಟ್ ಕೂಡ ಅಲ್ಲಿಂದಲೇ ಬಂದವರು. ಡಾಂಟೆಯನ್ನೂ ಸ್ಪಿನೋಜಾನನ್ನೂ ಓದಿ, ಸುನೀತಗಳನ್ನು ಬರೆಯುತ್ತಿದ್ದರು. ಅವರ ದಿಕ್ಕು ಬದಲಿಸಿದವರು ಇನ್ನೊಬ್ಬ ಕವಿ, ಹರ್ಮನ್ ಗೋರ್ಟರ್. ಗೋರ್ಟರ್ ಮಾರ್ಕ್ಸ್ ಓದಲು ಶುರುಮಾಡಿದ್ದರು. ಇವರ ಕೈಗೂ ಮಾರ್ಕ್ಸ್ ಬರೆದ ‘ಬಂಡವಾಳ’ ಪುಸ್ತಕ ಕೊಟ್ಟರು. 1897ರಲ್ಲಿ ಗೋರ್ಟರ್, ಹೆನ್ರಿಯೆಟ್, ರಿಚರ್ಡ್ ಮೂವರೂ ಸೋಷಿಯಲ್ ಡೆಮಾಕ್ರಟಿಕ್ ಕಾರ್ಮಿಕ ಪಕ್ಷ ಸೇರಿದರು. ಪಕ್ಷಕ್ಕೆ ಆಗ ಮೂರು ವರ್ಷ. ನೋಟರಿಯ ಮಗಳು ಕೂಲಿಕಾರರ ಸಭೆಗಳಲ್ಲಿ ಎದ್ದು ನಿಂತು ಮಾತಾಡತೊಡಗಿದರು.

1900ರಲ್ಲಿ ಅವರು ‘ಇಂಟರ್‌ನ್ಯಾಷನಲ್’ ಎಂಬ ಕಾರ್ಮಿಕರ ಹೋರಾಟದ ಹಾಡಿಗೆ ಡಚ್ ಮಾತು ಕೊಟ್ಟರು. ಮೂಲ ಫ್ರೆಂಚ್ ಹಾಡನ್ನು ಬರೆದವರು ಯೂಜೀನ್ ಪೋತಿಯೆ, 1871ರಲ್ಲಿ, ಪ್ಯಾರಿಸ್ ಕಮ್ಯೂನ್, ಅಂದರೆ ಅಲ್ಲಿನ ಜನ ದಂಗೆಯೆದ್ದು ಕಟ್ಟಿದ ಆಡಳಿತ, ರಕ್ತದಲ್ಲಿ ಮುಳುಗಿದ ಮೇಲೆ. ಡಚ್ ಪಲ್ಲವಿಯ ಅರ್ಥ ಸುಮಾರು ಹೀಗೆ: ‘ಗೆಳೆಯರೇ, ಇದೊಂದು ಕೊನೆಯ ಸಲ ಹೋರಾಟಕ್ಕೆ ಸಾಲುಗಟ್ಟೋಣ, ನಾಳೆ ಭೂಮಿಯನ್ನು ಆಳುವುದು ಇಂಟರ್‌ನ್ಯಾಷನಲ್.’ ಇಂಟರ್‌ನ್ಯಾಷನಲ್ ಅಂದರೆ ಎಲ್ಲ ದೇಶಗಳ ಕಾರ್ಮಿಕರ ಒಕ್ಕೂಟ. ನಾಳೆ ಎಂಬ ಪದ ಫ್ರೆಂಚಿನಲ್ಲೂ ಇದೆ, ನಿಜ. ಆದರೆ 30ರ ಹೆನ್ರಿಯೆಟ್ ಅದನ್ನು ಸುಮ್ಮನೆ ಅನುವಾದಿಸಲಿಲ್ಲ, ಮನಸಾರೆ ನಂಬಿ ಬರೆದರು. ಆ ಹೊತ್ತಿನ ಅವರ ಬರಹ ಯಾವುದನ್ನೇ ಓದಿ, ಹೊಸ ಲೋಕ ಪಕ್ಕದ ಬೀದಿಗೆ ಬಂದುಬಿಟ್ಟಿದೆ ಎನ್ನುವ ಸಡಗರ ಕಾಣುತ್ತದೆ. 1903ರ ಸಂಕಲನದ ಹೆಸರೇ ‘ಹೊಸ ಹುಟ್ಟು’.

ಆ ನಾಳೆಗೆ ಮೊದಲ ಪೆಟ್ಟು ಬಿದ್ದದ್ದೂ 1903ರಲ್ಲೇ. ಜನವರಿ ಕೊನೆಯಲ್ಲಿ ಆಮ್‌ಸ್ಟರ್‌ಡಾಮ್ ಬಂದರಿನಲ್ಲಿ ಮುಷ್ಕರ ಆಯಿತು. ಬಂದರಿನ ಕೆಲಸಗಾರರಿಗೆ ಬೆಂಬಲವಾಗಿ ರೈಲ್ವೆಯವರೂ ಕೈ ಕಟ್ಟಿ ಕೂತರು. ರೈಲು ನಿಂತವು. ಕಂಪನಿಗಳು ಮಣಿದವು. ಗೆದ್ದೆವು ಎಂದು ಎಲ್ಲರೂ ಕುಣಿದಾಡಿದರು. ಆದರೆ ಪ್ರಧಾನಿ ಅಬ್ರಹಾಂ ಕೈಪರ್ ಸುಮ್ಮನಿರಲಿಲ್ಲ. ರೈಲ್ವೆಯವರು ಮುಷ್ಕರ ಮಾಡುವುದೇ ಅಪರಾಧ ಎನ್ನುವ ಕಾನೂನು ತಂದರು. ಕಾರ್ಮಿಕರು ಅದಕ್ಕೆ ಇಟ್ಟ ಹೆಸರು ‘ಕತ್ತು ಹಿಸುಕುವ ಕಾನೂನು’. ಏಪ್ರಿಲ್‌ನಲ್ಲಿ ಅದರ ವಿರುದ್ಧ ಮತ್ತೆ ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ ಮುರಿದುಬಿತ್ತು. ಸಾವಿರಾರು ಜನರ ಕೆಲಸ ಹೋಯಿತು. ಜನವರಿಯಲ್ಲಿ ಗೆದ್ದವರು ಏಪ್ರಿಲ್‌ನಲ್ಲಿ ಬೀದಿಗೆ ಬಿದ್ದರು.

ಹೆನ್ರಿಯೆಟ್ ಇದನ್ನು ಕವಿತೆಯಲ್ಲಿ ಅತ್ತು ಮುಗಿಸಲಿಲ್ಲ. ಕೂತು ಅಧ್ಯಯನ ಮಾಡಿದರು. ಮುಷ್ಕರ ಏಕೆ ಗೆಲ್ಲುತ್ತದೆ, ಏಕೆ ಸೋಲುತ್ತದೆ, ಸಾರ್ವತ್ರಿಕ ಮುಷ್ಕರಕ್ಕೂ ಪಕ್ಷಕ್ಕೂ ಏನು ಸಂಬಂಧ ಎಂದು 1905ರಲ್ಲಿ ಒಂದು ಪುಸ್ತಕ ಬರೆದರು. ಅದರ ಜರ್ಮನ್ ಆವೃತ್ತಿಗೆ ಆ ಕಾಲದ ದೊಡ್ಡ ಮಾರ್ಕ್ಸ್‌ವಾದಿ ಚಿಂತಕ ಕಾರ್ಲ್ ಕೌಟ್ಸ್ಕಿ ಮುನ್ನುಡಿ ಬರೆದರು. ಕವಿಯೊಬ್ಬರು ಸೋಲನ್ನು ಹೀಗೆ ಲೆಕ್ಕದ ಪುಸ್ತಕದ ಹಾಗೆ ತೆರೆದು ನೋಡಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಪುಸ್ತಕಕ್ಕೆ ಒಂದು ವರ್ಷ ಮೊದಲು, 1904ರ ಆಗಸ್ಟ್‌ನಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ ಅಂತಾರಾಷ್ಟ್ರೀಯ ಸಮಾಜವಾದಿ ಮಹಾಧಿವೇಶನ ನಡೆಯಿತು. ಸಾರ್ವತ್ರಿಕ ಮುಷ್ಕರದ ನಿರ್ಣಯವನ್ನು ಸಭೆಯ ಮುಂದಿಟ್ಟವರು ಹೆನ್ರಿಯೆಟ್. ಅದೇ ಅಧಿವೇಶನದಲ್ಲಿ ನಮ್ಮ ದಾದಾಭಾಯಿ ನವರೋಜಿ ಎದ್ದು ನಿಂತು, ಬ್ರಿಟಿಷರು ಭಾರತವನ್ನು ಹೇಗೆ ಹಿಂಡುತ್ತಿದ್ದಾರೆ ಎಂದು ಮಾತಾಡಿದರು. ಆಗ ಅವರಿಗೆ ಸುಮಾರು 79 ವರ್ಷ. ಇಡೀ ಸಭೆ ಎದ್ದು ನಿಂತು ಗೌರವ ಕೊಟ್ಟಿತು. ಹೆನ್ರಿಯೆಟ್ ಮುಂದೆ 43 ವರ್ಷ ಕಳೆದ ಮೇಲೆ ಇನ್ನೊಬ್ಬ ಭಾರತೀಯರ ಬಗ್ಗೆ ಪುಸ್ತಕವನ್ನೇ ಬರೆಯುತ್ತಾರೆ. ಅದಕ್ಕೆ ಬರುತ್ತೇನೆ.

ಕ್ರಾಂತಿಕಾರಿ ಸಮಾಜವಾದಿ ರೋಸಾ ಲಕ್ಸೆಂಬರ್ಗ್ ಹೆನ್ರಿಯೆಟ್‌ಗೆ ಆಪ್ತ ಗೆಳತಿ. ಡಚ್ ಪಕ್ಷದೊಳಗೆ ಜಗಳ ಶುರುವಾದಾಗ ರೋಸಾ 1908ರಲ್ಲಿ ಅವರಿಗೆ ಒಂದು ಕಾಗದ ಬರೆದರು. ಪಕ್ಷ ಒಡೆಯಬೇಡಿ, ಎಷ್ಟೇ ಕೆಟ್ಟದಾದರೂ ಕಾರ್ಮಿಕರ ಪಕ್ಷ ಒಂದು ಇರುವುದು ಇಲ್ಲದಿರುವುದಕ್ಕಿಂತ ವಾಸಿ ಎನ್ನುವುದು ಅದರ ತಿರುಳು. 1909ರಲ್ಲಿ ಪಕ್ಷ ಒಡೆಯಿತು. ಎಡಪಂಥೀಯರನ್ನು ಹೊರಹಾಕಿದರು. ಹಾಗೆ ಹೊರಬಿದ್ದವರ ಜೊತೆ ಗೋರ್ಟರ್ ಹೊರಟರು. ಹೆನ್ರಿಯೆಟ್ ಉಳಿದರು. ಮನಸ್ಸು ಗೋರ್ಟರ್ ಕಡೆ, ಕಾಲು ಪಕ್ಷದ ಒಳಗೆ. ಎರಡು ಮೂರು ವರ್ಷದಲ್ಲಿ ಅದೂ ಆಗದೆ ಅವರೂ ಹೊರಗೆ ಬಂದರು. ಬಂದು ಎಲ್ಲಿಗೂ ಸೇರಲಿಲ್ಲ, ಒಂಟಿಯಾಗಿ ನಿಂತರು.

ಆ ಒಂಟಿತನದಿಂದ 1912ರಲ್ಲಿ ‘ಕಾಡಿನಲ್ಲಿ ಹೆಣ್ಣು’ ಎಂಬ ಸಂಕಲನ ಬಂತು. ಡಾಂಟೆ ದಾರಿ ತಪ್ಪಿ ಕತ್ತಲ ಕಾಡಿಗೆ ಹೊಕ್ಕನಲ್ಲ, ಅದೇ ಕಾಡು. ಕನಸು ಒಂದು ಕಡೆ, ಮಾಡಬೇಕಾದ ಕೆಲಸ ಇನ್ನೊಂದು ಕಡೆ, ಎರಡೂ ಕೈಹಿಡಿದು ಎಳೆಯುತ್ತವೆ. ಅವರ ದೇಹವೂ ಆಗ ಸೋತಿತ್ತು. ಊಟ ಸೇರದು, ರಕ್ತಹೀನತೆ, ತಿಂಗಳುಗಟ್ಟಲೆ ಖಿನ್ನತೆ. ಇದು ಬದುಕಿಡೀ ಅವರನ್ನು ಬಿಡಲಿಲ್ಲ. ವೇದಿಕೆಯ ಮೇಲೆ ನಿಂತ ಹೆನ್ರಿಯೆಟ್ ಚಿತ್ರ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. ಸಭೆ ಮುಗಿಸಿ ಮನೆಗೆ ಬಂದು ಹಾಸಿಗೆ ಹಿಡಿದ ಹೆಂಗಸನ್ನೂ ನೋಡಬೇಕು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅವರು ಬರೆದದ್ದೆಲ್ಲ ಚಿನ್ನವಲ್ಲ. ನಾಟಕಗಳನ್ನು ಇವತ್ತು ಓದಿ ಮುಗಿಸುವುದು ಕಷ್ಟ. ಉದ್ದ ಕವಿತೆಗಳಲ್ಲಿ ಭಾಷಣ ಜಾಸ್ತಿ. ಛಂದಸ್ಸು ಎಡವುತ್ತದೆ ಎಂದು ಅವರ ಕಾಲದವರೇ ದೂರಿದ್ದರು. ಆದರೆ ಎರಡು ನಂಬಿಕೆಗಳ ನಡುವೆ ಸಿಕ್ಕಿಕೊಂಡಾಗ ಅವರು ಬರೆದ ಕವಿತೆ ಇದೆಯಲ್ಲ, ಅದು ಬೇರೆಯೇ. ಪಕ್ಷ ಗಟ್ಟಿಯಾಗಿ ಕಾಲ ಕೆಳಗೆ ಇದ್ದಾಗ ಬರೆದದ್ದಕ್ಕಿಂತ, ನೆಲ ಜಾರುವಾಗ ಬರೆದದ್ದೇ ಉಳಿದಿದೆ.

1914ರಲ್ಲಿ ಮಹಾಯುದ್ಧ. ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದಿಲ್ಲ ಎಂದು ಆಣೆ ಮಾಡಿದ್ದ ಯೂರೋಪಿನ ಸಮಾಜವಾದಿ ಪಕ್ಷಗಳು ತಂತಮ್ಮ ಸರ್ಕಾರದ ಹಿಂದೆ ನಿಂತವು. ಆ ಕತ್ತಲಲ್ಲಿ, 1915ರ ಸೆಪ್ಟೆಂಬರ್‌ನಲ್ಲಿ, ಸ್ವಿಟ್ಜರ್‌ಲೆಂಡಿನ ಬರ್ನ್ ಪಟ್ಟಣದಿಂದ ನಾಲ್ಕು ಗಾಡಿಗಳು ಬೆಟ್ಟದ ಮೇಲಿನ ಜಿಮ್ಮರ್‌ವಾಲ್ಡ್ ಎಂಬ ಹಳ್ಳಿಗೆ ಹೊರಟವು. ಹಳ್ಳಿಯವರಿಗೆ ಇವರು ಪಕ್ಷಿ ವೀಕ್ಷಕರು ಎಂದು ಹೇಳಲಾಗಿತ್ತು. ಒಳಗಿದ್ದದ್ದು ಯುದ್ಧ ಬೇಡ ಎನ್ನುವ ಸಮಾಜವಾದಿಗಳು. ಸಭೆಗೆ ಸೇರಿದವರು ಒಟ್ಟು 38 ಜನ. ಲೆನಿನ್ ಇದ್ದರು, ಟ್ರಾಟ್ಸ್ಕಿ ಇದ್ದರು. ಹಾಲೆಂಡಿನಿಂದ ಹೆನ್ರಿಯೆಟ್ ಇದ್ದರು. ಮೊದಲ ಇಂಟರ್‌ನ್ಯಾಷನಲ್ ಹುಟ್ಟಿ ಅರ್ಧ ಶತಮಾನವಾದರೂ ನಾವೆಲ್ಲ ನಾಲ್ಕೇ ಗಾಡಿಗಳಲ್ಲಿ ಹಿಡಿಸಿಬಿಟ್ಟೆವು ಎಂಬ ಅರ್ಥದ ಮಾತನ್ನು ಟ್ರಾಟ್ಸ್ಕಿ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. 15 ವರ್ಷದ ಹಿಂದೆ ‘ನಾಳೆ ಭೂಮಿಯನ್ನು ಆಳುವುದು’ ಎಂದು ಬರೆದವರು ಆ ಗುಂಪಿನಲ್ಲಿದ್ದರು. ಯುದ್ಧದ ವಿರುದ್ಧದ ಪ್ರಣಾಳಿಕೆಗೆ ಸಹಿ ಹಾಕಿದರು.

ಯುದ್ಧ ಮುಗಿಯುವ ವರ್ಷ, 1918ರಲ್ಲಿ, ‘ಮುಳುಗಿದ ಗಡಿಗಳು’ ಎಂಬ ಸಂಕಲನ ಬಂತು. ನನ್ನ ಮೇಷ್ಟ್ರು ಹಂಚಿದ ಹಾಳೆಯ ಕವಿತೆ ಅದರಲ್ಲಿದೆ. ಮೊದಲ ಸಾಲು ಡಚ್ಚಿನಲ್ಲಿ ಕೇಳಿ: ‘ದ ಝಾಖ್ತ ಕ್ರಾಖ್ತನ್ ಝುಲ್ಲನ್ ಝೇಕರ್ ವಿನ್ನನ್.’

‘ಝಾಖ್ತ ಕ್ರಾಖ್ತನ್’ ಅಂದರೆ ಏನು? ‘ಕ್ರಾಖ್ತನ್’ ಸುಲಭ, ಶಕ್ತಿಗಳು. ‘ಝಾಖ್ತ’ ನನ್ನನ್ನು ಬಹಳ ಕಾಡಿತು. ನಿಘಂಟು ನೋಡಿದರೆ ಮೃದು ಎಂದರ್ಥ. ಮೃದು ಶಕ್ತಿಗಳು ಎಂದು ಬರೆದುಕೊಂಡೆ. ಸಪ್ಪೆ ಅನ್ನಿಸಿತು. ಸೌಮ್ಯ? ಕೋಮಲ? ಅವೂ ಕೂರಲಿಲ್ಲ. ಒಂದು ರಾತ್ರಿ ಬಾಡಿಗೆ ಮನೆಯಲ್ಲಿ ಟಿ.ವಿ. ಸ್ವಲ್ಪ ಜೋರಾಗಿತ್ತು. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ಟಿ.ವಿ.ಯನ್ನು ‘ಝಾಖ್ತರ್’ ಮಾಡಪ್ಪ ಎಂದರು. ಅಂದರೆ ದನಿ ಕಮ್ಮಿ ಮಾಡು. ಆಗ ಹೊಳೆಯಿತು. ಈ ಪದ ಮುಟ್ಟಿದರೆ ತಿಳಿಯುವ ಗುಣಕ್ಕೆ ಮಾತ್ರ ಸೇರಿದ್ದಲ್ಲ, ಕಿವಿಗೂ ಸೇರಿದ್ದು. ನಮ್ಮಲ್ಲಿ ಅಂಥ ಪದ ಇದೆ ಅಲ್ವಾ? ಮೆಲ್ಲಗೆ ಮಾತಾಡು. ಮೆಲ್ಲಗೆ ಮುಟ್ಟು. ಮೆಲ್ಲಗೆ ನಡಿ, ಮಗು ಮಲಗಿದೆ. ಮೆಲುದನಿ. ಹಾಗಾಗಿ ನಾನು ‘ಮೆಲುಶಕ್ತಿಗಳು’ ಎಂದೆ. ಮೊದಲ ನಾಲ್ಕು ಸಾಲು ಹೀಗೆ:

ಮೆಲುಶಕ್ತಿಗಳು ಗೆದ್ದೇ ಗೆಲ್ಲುತ್ತವೆ
ಕೊನೆಯಲ್ಲಿ. ಇದು ನನ್ನೊಳಗಿನ ಆಪ್ತ ಪಿಸುಮಾತು,
ಕೇಳುತ್ತಿದ್ದೇನೆ. ಅದು ಸುಮ್ಮನಾದರೆ ಬೆಳಕೆಲ್ಲ ಕತ್ತಲಾದೀತು,
ಒಳಗಿನ ಬಿಸುಪೆಲ್ಲ ಮರಗಟ್ಟೀತು.

‘ಕೊನೆಯಲ್ಲಿ’ ಎನ್ನುವ ಪದ ಎಲ್ಲಿದೆ ನೋಡಿ. ಡಚ್ಚಿನಲ್ಲೂ ಅಲ್ಲೇ ಇದೆ, ಎರಡನೇ ಸಾಲಿನ ಮೊದಲಿಗೆ. ಮೊದಲ ಸಾಲು ಘೋಷಣೆಯ ಹಾಗೆ ಮುಗಿಯುತ್ತದೆ: ಗೆದ್ದೇ ಗೆಲ್ಲುತ್ತವೆ. ಒಂದು ಉಸಿರು ನಿಲ್ಲುತ್ತದೆ. ಆಮೇಲೆ, ಕೊನೆಯಲ್ಲಿ. ಸಭೆಯಲ್ಲಿ ಮುಷ್ಟಿ ಎತ್ತಿ ಕೂಗಿದವರು ಕೆಳಗಿಳಿದು ಪಕ್ಕದಲ್ಲಿ ಕೂತು, ತಡವಾಗುತ್ತದೆ ಮಗಾ ಎಂದು ಹೇಳಿದ ಹಾಗೆ. ಅಷ್ಟೇ ಅಲ್ಲ. ಗೆಲುವಿನ ಖಾತ್ರಿ ಅವರಿಗೆ ಸಿಗುವುದು ಪಕ್ಷದಿಂದಲ್ಲ, ಚರಿತ್ರೆಯ ನಿಯಮದಿಂದಲೂ ಅಲ್ಲ. ಒಳಗಿನ ಒಂದು ಪಿಸುಮಾತಿನಿಂದ. ಅದು ನಿಂತುಹೋಗಲೂಬಹುದು ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಮುಂದಿನ ಸಾಲುಗಳಲ್ಲಿ ‘ಮಾಖ್ತನ್’ ಬರುತ್ತದೆ, ಅಂದರೆ ಅಧಿಕಾರಗಳು, ಪ್ರೀತಿಗೆ ಸಂಕೋಲೆ ಹಾಕಿ ಇಟ್ಟವು. ಕ್ರಾಖ್ತನ್, ಮಾಖ್ತನ್. ಕಿವಿಗೆ ಎರಡೂ ಅಕ್ಕತಂಗಿಯರ ಹಾಗೆ. ಒಂದು ಒಳಗಿನ ಶಕ್ತಿ, ಇನ್ನೊಂದು ಮೇಲಿನ ಅಧಿಕಾರ. ಕನ್ನಡದಲ್ಲಿ ಈ ಪ್ರಾಸ ನನಗೆ ಸಿಗಲಿಲ್ಲ. ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ. ಆಮೇಲೆ ಬರುವ ಒಂದು ಹೋಲಿಕೆ ನನಗೆ ತುಂಬಾ ಇಷ್ಟ. ಬರಲಿರುವ ದೊಡ್ಡ ಸುಖ ನಮಗೆ ಈಗಲೇ ಕೇಳಿಸುತ್ತದಂತೆ, ಕಿವಿಗೊಟ್ಟರೆ, ಎಲ್ಲ ಅಕ್ಕರೆಗಳಲ್ಲೂ. ಹೇಗೆ? ಚಿಕ್ಕ ಕಪ್ಪೆಚಿಪ್ಪಿನಲ್ಲಿ ದೊಡ್ಡ ಕಡಲು ಮೊರೆದ ಹಾಗೆ. ನೋರ್ಡ್‌ವೈಕ್‌ನ ಹುಡುಗಿ ಅಲ್ವಾ, ಚಿಪ್ಪನ್ನು ಕಿವಿಗಿಟ್ಟು ಬೆಳೆದಿರಬೇಕು.

ಈ ಕವಿತೆ ಬರೆದವರು ಆಗ ಕ್ರಾಂತಿಕಾರಿ ಪಕ್ಷದ ಸದಸ್ಯೆ ಎನ್ನುವುದು ನೆನಪಿರಲಿ. 1916ರಲ್ಲಿ ಅವರು, 1909ರಲ್ಲಿ ಹೊರಬಿದ್ದವರು ಕಟ್ಟಿದ್ದ ಎಡಪಕ್ಷಕ್ಕೆ ಸೇರಿದ್ದರು. 1918ರಲ್ಲಿ ಅದೇ ಕಮ್ಯುನಿಸ್ಟ್ ಪಕ್ಷವಾಯಿತು. ರಷ್ಯಾದ ಕ್ರಾಂತಿಯನ್ನು ಅವರು ಎದೆಗೆ ಅಪ್ಪಿಕೊಂಡಿದ್ದರು. 1919ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ರೋಸಾ ಅವರನ್ನು ಕೊಂದು ಕಾಲುವೆಗೆ ಎಸೆದರು. 1921ರ ಬೇಸಿಗೆಯಲ್ಲಿ ಹೆನ್ರಿಯೆಟ್ ಮಾಸ್ಕೋಗೆ ಹೋದರು, ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಮೂರನೇ ಅಧಿವೇಶನಕ್ಕೆ. ಅದೇ ವರ್ಷದ ಮಾರ್ಚ್‌ನಲ್ಲಿ ರಷ್ಯಾದ ನೌಕಾನೆಲೆ ಕ್ರೋನ್‌ಸ್ಟಾಟ್‌ನ ನಾವಿಕರ ದಂಗೆಯನ್ನು ಸರ್ಕಾರ ಗುಂಡಿನಿಂದ ಅಡಗಿಸಿತ್ತು. ವೋಲ್ಗಾ ಕಡೆ ಬರ ಶುರುವಾಗಿತ್ತು. ವಾಪಸ್ ಬಂದ ಹೆನ್ರಿಯೆಟ್ ಮನಸ್ಸಿನಲ್ಲಿ ಅನುಮಾನ ಹೊಕ್ಕಿತ್ತು. 1923ರ ಸಂಕಲನದ ಹೆಸರು ‘ಎರಡು ಲೋಕಗಳ ನಡುವೆ’. 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಬಿಟ್ಟರು. ಅದೇ ವರ್ಷ ಗೋರ್ಟರ್ ತೀರಿಕೊಂಡರು. ಮತ್ತೆ ಯಾವ ಪಕ್ಷಕ್ಕೂ ಅವರು ಪೂರ್ತಿ ಸೇರಲಿಲ್ಲ. ಧಾರ್ಮಿಕ ಸಮಾಜವಾದ ಎನ್ನುವ ಕಡೆಗೆ ವಾಲಿದರು.

ಇಲ್ಲಿ ಸಭೆಯಲ್ಲಿ ಹಿರಿಯರೊಬ್ಬರು ಕೈ ಎತ್ತಿ ಕೇಳಿದರು: ‘ಹಾಗಾದರೆ ಇವರೂ ಪಕ್ಷಾಂತರಿಯೇ ಅಲ್ವಾ?’

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇಷ್ಟು. ಪಕ್ಷಾಂತರಿ ಹೋಗುವುದು ಅಧಿಕಾರ ಇರುವ ಕಡೆಗೆ. ಇವರು ಪ್ರತಿ ಸಲ ಹೋದದ್ದು ಕಡಿಮೆ ಜನ ಇರುವ ಕಡೆಗೆ. ದೊಡ್ಡ ಪಕ್ಷ ಬಿಟ್ಟು ಒಂಟಿಯಾದರು. ನಾಲ್ಕು ಗಾಡಿಯ ಸಭೆಗೆ ಹೋದರು. ಮಾಸ್ಕೋದ ಬೆಂಬಲ ಇದ್ದ ಪಕ್ಷವನ್ನೂ ಬಿಟ್ಟರು. ಪ್ರತಿ ಸಲ ಗೆಳೆಯರನ್ನು ಕಳೆದುಕೊಂಡರು, ಪ್ರತಿ ಸಲ ಕಾಯಿಲೆ ಬಿದ್ದರು. ಆದರೆ ಬಿಟ್ಟವರನ್ನು ಹಳಿಯಲಿಲ್ಲ. ಗೋರ್ಟರ್ ಬಗ್ಗೆ 1933ರಲ್ಲಿ, ರೋಸಾ ಬಗ್ಗೆ 1935ರಲ್ಲಿ ಜೀವನಚರಿತ್ರೆ ಬರೆದರು.

ಅವರ ಮಾತು ಹಾಲೆಂಡಿನಲ್ಲಷ್ಟೇ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಡಚ್ಚರು ಆಳುತ್ತಿದ್ದ ಇಂಡೋನೇಷ್ಯಾಕ್ಕೆ ಸ್ವಾತಂತ್ರ್ಯ ಬೇಕು ಎಂದು ಅವರು ಬೆನ್ನಿಗೆ ನಿಂತಿದ್ದರು. 1930ರಲ್ಲಿ ಬಾಂಡುಂಗ್‌ನ ಕೋರ್ಟಿನಲ್ಲಿ ಡಚ್ ಸರ್ಕಾರ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಸುಕಾರ್ನೊ ಮೇಲೆ ರಾಜದ್ರೋಹದ ಮೊಕದ್ದಮೆ ನಡೆಸಿದಾಗ, ಸುಕಾರ್ನೊ ತಮ್ಮ ವಾದದಲ್ಲಿ ಇದೇ ಡಚ್ ಕವಿಯ ಮಾತುಗಳನ್ನು ಎತ್ತಿ ಹೇಳಿದರು. ಆಳುವವರ ಭಾಷೆಯ ಕವಿ ಆಳಿಸಿಕೊಂಡವರ ಕಡೆಯ ಸಾಕ್ಷಿಯಾದರು. ಅವರ ಹೆಸರಿನಲ್ಲಿ ಇಂಡೋನೇಷ್ಯಾದಲ್ಲಿ ಇವತ್ತಿಗೂ ಓಡಾಡುವ ಸಾಲುಗಳಿವೆ. ನಾವು ಗುಡಿ ಕಟ್ಟುವವರಲ್ಲ, ಕಲ್ಲು ಹೊರುವವರು ಅಷ್ಟೇ. ನಮ್ಮ ಗೋರಿಗಳ ಮೇಲೆ ನಮಗಿಂತ ಒಳ್ಳೆಯ ತಲೆಮಾರು ಎದ್ದು ನಿಲ್ಲಲಿ ಎನ್ನುತ್ತವೆ ಅವು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ದೇಶ ಹಿಡಿದಾಗ ಹೆನ್ರಿಯೆಟ್ 70 ದಾಟಿದ್ದರು. ರಿಚರ್ಡ್ 1938ರ ಕೊನೆಯ ದಿನ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆದರೂ ಗುಟ್ಟಾಗಿ ಅಚ್ಚಾಗುತ್ತಿದ್ದ ‘ದ ಫೋಂಕ್’, ಅಂದರೆ ಕಿಡಿ, ಎಂಬ ಪತ್ರಿಕೆಗೆ ಬರೆದರು.

ಈಗ 1947. ಜುಲೈನಲ್ಲಿ ಡಚ್ ಸೇನೆ ಜಾವಾ, ಸುಮಾತ್ರಾ ಮೇಲೆ ದಾಳಿ ಮಾಡಿತು, ಸ್ವತಂತ್ರವೆಂದು ಸಾರಿಕೊಂಡಿದ್ದ ಇಂಡೋನೇಷ್ಯಾವನ್ನು ಮತ್ತೆ ಹಿಡಿಯಲು. ಆಗಸ್ಟ್‌ನಲ್ಲಿ ನಾವು ಸ್ವತಂತ್ರರಾದೆವು. ಆ ವರ್ಷ 77ರ ಹೆನ್ರಿಯೆಟ್ ಹೊರತಂದ ಪುಸ್ತಕ ಗಾಂಧೀಜಿಯವರ ಜೀವನಚರಿತ್ರೆ. ಅವರು ಏಕೆ ಗಾಂಧಿಯ ಹತ್ತಿರ ಬಂದರು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕವಿತೆ ಕೇಳಿದ್ದೀರಲ್ಲ. ಮೆಲುಶಕ್ತಿಯನ್ನು ಇಡೀ ದೇಶವೊಂದರ ರಾಜಕೀಯವಾಗಿ ಮಾಡಿದ ಮನುಷ್ಯ ಭೂಮಿಯ ಮೇಲೆ ಆಗ ನಡೆದಾಡುತ್ತಿದ್ದ. ಅದೇ ವರ್ಷ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯ ಹೆನ್ರಿಯೆಟ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು.

1949ರಲ್ಲಿ ಆತ್ಮಕಥೆ ಬಂತು, ‘ಬೆಂಕಿ ಉರಿಯುತ್ತಲೇ ಇತ್ತು’. 1952ರ ನವೆಂಬರ್ 21ರಂದು ಆಮ್‌ಸ್ಟರ್‌ಡಾಮ್‌ನಲ್ಲಿ ತೀರಿಕೊಂಡರು. 82 ವರ್ಷ.

ವಾಪಸ್ ಬರುವ ಮುಂಚೆ ಒಂದು ಶನಿವಾರ ಝುಂಡರ್ಟ್ ಹತ್ತಿರ ಅವರ ಜಾಗಕ್ಕೆ ಹೋಗಿದ್ದೆ. ಬೌಸ್ಸೆ ಹೈಡೆ ಎನ್ನುತ್ತಾರೆ. ಕಾಡು, ಕುರುಚಲು ಬಯಲು. ಝುಂಡರ್ಟ್ ವಾನ್ ಗೋ ಹುಟ್ಟಿದ ಊರು. ಈಗ ಆ ಜಾಗ ನಿಸರ್ಗ ಕಾಯುವ ಒಂದು ಸಂಸ್ಥೆಯ ಕೈಯಲ್ಲಿದೆ. ಮರಗಳ ನಡುವೆ ಹುಲ್ಲಿನ ಮಾಡಿನ ಒಂದು ಕಟ್ಟಡ ಇದೆ, ರಿಚರ್ಡ್ ಚಿತ್ರ ಬರೆಯುತ್ತಿದ್ದ ಜಾಗ. ಅದರ ನಕ್ಷೆ ಮಾಡಿದವರು ಆ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿ ಮಾರ್ಗರೆಟ್ ಕ್ರೋಪ್‌ಹೋಲರ್. ಯಾರೂ ಇರಲಿಲ್ಲ. ಹಾಳೆ ತೆಗೆದು ಕವಿತೆಯನ್ನು ಒಮ್ಮೆ ಜೋರಾಗಿ ಓದಿದೆ. ಆಮೇಲೆ ಅನ್ನಿಸಿತು, ಇದನ್ನು ಜೋರಾಗಿ ಓದಬಾರದು ಅಂತ. ಮೆಲ್ಲಗೆ ಇನ್ನೊಂದು ಸಲ ಓದಿದೆ.

ಹೊರಡುವ ಮುಂಚೆ ಒಂದೇ ಮಾತು. ನೆದರ್ಲೆಂಡ್ಸ್‌ನಲ್ಲಿ ಮೇ 1ರಂದು ‘ಇಂಟರ್‌ನ್ಯಾಷನಲ್’ ಹಾಡುವವರು ಇವತ್ತಿಗೂ ಹಾಡುವುದು ಹೆನ್ರಿಯೆಟ್ ಬರೆದ ಮಾತುಗಳನ್ನೇ. ಅದರಲ್ಲಿ ಈಗಲೂ ‘ಮೋರ್ಖೆನ್’ ಎಂದೇ ಇದೆ.